ಬೆಳಗಾಗದ ಬೆಳಕಿಗೊಂದು ಭೂಪಾಳ

ಈ ಬೇಸಿಗೆಯಲ್ಲಿ ಒಂದು ದಿನ ವೀಣೆಯನ್ನು ಕಿಟಕಿಯ ಪಕ್ಕ ಬಿಟ್ಟು ಹೊರಗೆ ಹೋಗಿದ್ದೆ. ವಾಪಸು ಬರುವಷ್ಟರಲ್ಲಿ ಬಿಸಿಲು ಬಿದ್ದು, ತಂತಿಗಳ ಕೆಳಗಿನ ಹಿತ್ತಾಳೆ ಮೆಟ್ಟಿಲುಗಳನ್ನು ಹಿಡಿದಿಟ್ಟಿದ್ದ ಕರಿಮೇಣ ಮೆತ್ತಗಾಗಿತ್ತು. ಸದ್ಯ, ಮೆಟ್ಟಿಲುಗಳು ಅಲುಗಿರಲಿಲ್ಲ. ಆದರೆ ಕೋಣೆಯ ತುಂಬ ಜೇನುಮೇಣದ ವಾಸನೆ. ಯಾದವಗಿರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ವೀಣೆ ಮೇಷ್ಟ್ರ ಹಜಾರಕ್ಕೆ ಕಾಲಿಟ್ಟರೆ ಬರುತ್ತಿದ್ದುದು ಇದೇ ವಾಸನೆ, ಜೊತೆಗೆ ಅವರ ಹೆಂಡತಿ ಇಳಿಸುತ್ತಿದ್ದ ಡಿಕಾಕ್ಷನ್ನಿನದು...

ಮೇಷ್ಟ್ರಿಗೆ ಒಂದು ಹಟವಿತ್ತು. ಭೂಪಾಳ ಬೆಳಗಿನ ರಾಗ. ಬೇರೆ ಹೊತ್ತಿನಲ್ಲಿ ಅದನ್ನು ಅವರು ಮುಟ್ಟುತ್ತಿರಲಿಲ್ಲ. ತಾರಸಿಗೆ ಹೋಗಿ, ಚಾಮುಂಡಿ ಬೆಟ್ಟದ ಅಂಚು ಬೆಳ್ಳಗಾದದ್ದನ್ನು ಕಣ್ಣಾರೆ ನೋಡಿ ಬಂದಮೇಲೇ ನನಗೆ ಪಾಠ. ಮೋಡ ಮುಚ್ಚಿದ ದಿನ ಹತ್ತಿ ಇಳಿದು, ಹತ್ತಿ ಇಳಿದು ಸುಸ್ತಾಗುತ್ತಿದ್ದರು. "ಗಡಿಯಾರ ನೋಡಬಾರದಾ?" ಎಂದು ಅವರ ಹೆಂಡತಿ ಒಳಗಿನಿಂದ ರೇಗಿಸುತ್ತಿದ್ದರು. "ಗಡಿಯಾರಕ್ಕೇನು ಗೊತ್ತು ಬುಡು" ಎನ್ನುತ್ತಿದ್ದರು ಮೇಷ್ಟ್ರು.

ಅಂಥವರಿಗೆ ನಾನೊಂದು ದಿನ ಫೋನಿನಲ್ಲಿ ಧ್ರುವಪ್ರಭೆಯ ವಿಡಿಯೋ ತೋರಿಸಿಬಿಟ್ಟೆ. ಉತ್ತರದ ತುದಿಯ ಯಾವುದೋ ದೇಶ, ಕಪ್ಪು ಆಕಾಶ, ಅದರಲ್ಲಿ ಒಣಹಾಕಿದ ಸೀರೆ ಗಾಳಿಗೆ ಆಡಿದಂತೆ ಹಸಿರು ಬೆಳಕು. ಯಾರೋ ಅದಕ್ಕೆ ಢಂಢಂ ಎನ್ನುವ ಸಂಗೀತ ಸೇರಿಸಿದ್ದರು.

"ಮೊದ್ಲು ಆ ಗಲಾಟೆ ನಿಲ್ಸಮ್ಮ" ಎಂದರು ಮೇಷ್ಟ್ರು. ಸದ್ದಿಲ್ಲದೆ ಮತ್ತೆ ಮತ್ತೆ ನೋಡಿದರು. "ಬೆಳಕು ಬಂದಿದೆ, ಬೆಳಗಾಗಿಲ್ಲ. ಅಲ್ಲಿಯವರು ಇದಕ್ಕೆ ಏನು ನುಡಿಸ್ತಾರೆ ಕಣಮ್ಮ?"

ನಾನು ವಿಡಿಯೋವನ್ನು ಮತ್ತೆ ಮೊದಲಿನಿಂದ ಹಾಕಿದೆ.

ಅಂದಿನಿಂದ ಅವರಿಗೆ ಅದೇ ಗುಂಗು. ಪಾಠ ಮುಗಿದ ಮೇಲೆ ಭೂಪಾಳದಲ್ಲಿ ಆ ಬೆಳಕನ್ನು ಹುಡುಕುತ್ತ ಕೂರುತ್ತಿದ್ದರು. ಸ್ವರ ಮೇಲೇರುತ್ತಿತ್ತು, ಇನ್ನೇನು ಸೂರ್ಯ ಬರಬೇಕು ಅನ್ನುವಾಗ ತಡೆದು ನಿಲ್ಲಿಸುತ್ತಿದ್ದರು. ಸೂರ್ಯನೇ ಬಾರದ ಮೇಲೆ ಅದನ್ನು ಮುಗಿಸುವುದು ಹೇಗೆ ಎಂಬುದು ಅವರಿಗೆ ಹೊಳೆಯುತ್ತಿರಲಿಲ್ಲ. ಒಂದು ಮಳೆಗಾಲವಿಡೀ ಹೀಗೇ ಹೋಯಿತು...

ಒಂದು ಸಂಜೆ ಕಾಂಪೌಂಡಿನ ಆಚೆಯಿಂದ ನನ್ನನ್ನು ಕರೆದರು. ಮುಖ ಅರಳಿತ್ತು.

"ಕೊನೆ ಸಿಕ್ಬುಡ್ತು ಕಣಮ್ಮ. ಬೆಳಿಗ್ಗೆ ಬಾ, ನುಡಿಸ್ತೀನಿ."

"ಈಗಲೇ ನುಡಿಸಿ ಮೇಷ್ಟ್ರೇ. ಆ ಬೆಳಕು ಬರೋದೇ ರಾತ್ರಿ ಅಲ್ವಾ?"

"ಅದು ಅವರೂರಿನ ರಾತ್ರಿ. ಭೂಪಾಳ ನಮ್ಮೂರಿಂದು" ಎಂದು ನಕ್ಕು ಒಳಗೆ ಹೋದರು.

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವರ ಗೇಟಿನ ಮುಂದೆ ಆಂಬುಲೆನ್ಸ್ ನಿಂತಿತ್ತು. ಪಾರ್ಶ್ವವಾಯು. ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಮಾತೂ ಹೋಗಿತ್ತು.

ಆಸ್ಪತ್ರೆಯಲ್ಲಿ ಅವರ ಹಾಸಿಗೆಯ ಹತ್ತಿರ ಕಿಟಕಿ ಇರಲಿಲ್ಲ; ಟ್ಯೂಬ್‌ಲೈಟು ಹಗಲಿರುಳೂ ಉರಿಯುತ್ತಿತ್ತು. ಒಂದು ಮುಂಜಾನೆ ಅವರ ಕಿವಿಯ ಬಳಿ ಬಗ್ಗಿ, "ಮೇಷ್ಟ್ರೇ, ಬೆಟ್ಟದ ಅಂಚು ಬೆಳ್ಳಗಾಗಿದೆ" ಎಂದೆ. ಅವರ ಎಡಗೈ ಹೊದಿಕೆಯ ಮೇಲೆ ಸರಿಯಿತು. ಬೆರಳುಗಳು ಒತ್ತಿದವು, ಜಾರಿದವು, ಒಂದು ಕಡೆ ನಿಂತು ನಡುಗಿದವು. ಆ ಕೊನೆಯನ್ನೇ ನನಗೆ ಹೇಳಿಕೊಡುತ್ತಿದ್ದರು. ಮೀಟುವ ಬಲಗೈ ಎದ್ದೇಳುತ್ತಿಲ್ಲ, ಕೆಳಗೆ ತಂತಿಯಿಲ್ಲ. ಬರೀ ಬಟ್ಟೆಯ ಮೇಲಿನ ಬೆರಳು ಯಾವ ತಂತಿಯ ಯಾವ ಮೆಟ್ಟಿಲಿನ ಮೇಲಿದೆ ಎಂದು ನಾನು ಹೇಗೆ ತಿಳಿಯಲಿ? ಊಹಿಸಿ ಮೆಲ್ಲಗೆ ಹಾಡಿದೆ. ಅಲ್ಲ ಎಂದು ತಲೆಯಾಡಿಸಿದರು. ಇನ್ನೊಂದು ಬಗೆಯಲ್ಲಿ ಹಾಡಿದೆ. ಅದೂ ಅಲ್ಲ.

ಅವರ ಹೆಂಡತಿ ಸೆರಗಿನಿಂದ ಅವರ ಕಣ್ಣೊರೆಸಿ, "ಸಾಕು ಬುಡಮ್ಮ, ಇಬ್ರಿಗೂ ಸುಸ್ತು" ಎಂದರು. ನಾನು ಬಿಡಲಿಲ್ಲ, ಮೇಷ್ಟ್ರೂ ಬಿಡಲಿಲ್ಲ. ಹೀಗೆ ಎಷ್ಟೋ ಬೆಳಗುಗಳು... ಕೊನೆಗೊಂದು ಬೆಳಿಗ್ಗೆ ಬೆರಳು ಅಲುಗಲಿಲ್ಲ. ಕಣ್ಣೆದುರಿಗೇ ಇದ್ದದ್ದು ನನ್ನ ಕೈಗೆ ಬರಲಿಲ್ಲ.

ಈ ಬೇಸಿಗೆಯ ಆ ದಿನ, ಬಿಸಿಲಿಗೆ ಮೆತ್ತಗಾದ ಮೇಣ ಗಟ್ಟಿಯಾಗಲು ಬಿಟ್ಟು, ಮಾರನೆಯ ಬೆಳಿಗ್ಗೆ ವೀಣೆ ಎತ್ತಿಕೊಂಡೆ. ಬೆಟ್ಟದ ಕಡೆಗೆ ಈಗ ಅಪಾರ್ಟ್‌ಮೆಂಟು ಎದ್ದಿದೆ. ಅದರ ಸಂದಿಯಲ್ಲಿ ಆಕಾಶ ಬೆಳ್ಳಗಾಗುವವರೆಗೆ ಕಾದೆ. ಹೊದಿಕೆಯ ಮೇಲೆ ಮೇಷ್ಟ್ರ ಬೆರಳು ನಡೆದ ದಾರಿ ನನ್ನ ಬೆರಳಿಗೆ ಮರೆತಿಲ್ಲ. ಮೊದಲ ತಂತಿಯ ಮೇಲೆ ಹಾಗೇ ನಡೆದೆ, ಆಮೇಲೆ ಎರಡನೆಯದರ ಮೇಲೆ. ಎರಡೂ ಚೆನ್ನಾಗಿಯೇ ಕೇಳಿಸಿದವು. ಅಲ್ಲ ಎಂದು ತಲೆಯಾಡಿಸಲು ಎದುರಿಗೆ ಯಾರೂ ಇರಲಿಲ್ಲ.