ಸಾಕಲು ಬಿಟ್ಟ ಕಡವೆ

ಮೊನ್ನೆ ಮಧ್ಯಾಹ್ನ ಹುಳಿಗೆಂದು ಮೊಗೆಕಾಯಿ, ಅದೇ ಸಾಂಬಾರು ಸೌತೆ, ಹೆಚ್ಚಲು ಕೂತಿದ್ದೆ. ಮೆಟ್ಟುಗತ್ತಿಯ ಮೇಲೆ ಕಾಯಿ ಎರಡು ಹೋಳಾಗುತ್ತಿದ್ದಂತೆ ತಿರುಳಿನ ಆ ತಣ್ಣನೆಯ ವಾಸನೆ ಮೂಗಿಗೆ ಬಂತು. ಬೀಜ ತೆಗೆದೆ, ಸಿಪ್ಪೆ ಹೆರೆದೆ. ಎಷ್ಟೋ ಹೊತ್ತಿನ ಮೇಲೆ ನೋಡಿದರೆ ಸಿಪ್ಪೆಯನ್ನೆಲ್ಲ ಬಾಳೆಲೆಯ ತುಂಡಿನ ಮೇಲೆ ಒಪ್ಪವಾಗಿ ಗುಡ್ಡೆ ಹಾಕಿದ್ದೆ. ನಮ್ಮ ಮನೆಯಲ್ಲಿ ದನವಿಲ್ಲ, ಆಡಿಲ್ಲ. ಈ ಸಿಪ್ಪೆ ಯಾರಿಗೆ... ಕೈಗೆ ಮರೆವು ಬರುವುದು ನಿಧಾನ ಅಂತ ಕಾಣುತ್ತದೆ.

ಅದು ಆಚೆಮನೆ ಅತ್ತೆ ಹಿಡಿಸಿದ ರೂಢಿ. ಭಟ್ಕಳದ ಹತ್ತಿರ ನಮ್ಮೂರು ಹೆಬಳೆಯಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದು ಬೇಲಿ ಮಾತ್ರ. ಅವಳೇನು ನಮಗೆ ಬಂಧುವಲ್ಲ, ಆದರೆ ಬುದ್ಧಿ ಬಂದಾಗಿನಿಂದ ಅತ್ತೆ ಎಂದೇ ಕರೆದವಳು ನಾನು. ಅವಳಿಗೆ ಮಳೆಗಾಲದಲ್ಲಿ ಭತ್ತದ ಗದ್ದೆ, ಅದು ಮುಗಿದ ಮೇಲೆ ಅದೇ ಗದ್ದೆಯಲ್ಲಿ ಮೊಗೆಕಾಯಿ, ಹರಿವೆ, ಮೆಣಸು. ಸಸಿ ನೆಡುವಾಗ ನೆಟ್ಟಿಯ ಹಾಡು ಹೇಳಲು ನಿಂತರೆ ಆಚೆ ಬಯಲಿನವರೂ ಸೊಂಟ ನೆಟ್ಟಗೆ ಮಾಡಿ ಕೇಳುತ್ತಿದ್ದರು. ಬಾಯಿ ಮಾತ್ರ ಬಹಳ ಜೋರು. ನನ್ನದೂ ಕಡಿಮೆಯೇನಲ್ಲ, ಹಾಗಾಗಿ ನಮಗೆ ಚೆನ್ನಾಗಿ ಹೊಂದುತ್ತಿತ್ತು.

ಒಂದು ಮಳೆಗಾಲದ ಮೊದಲಿಗೆ ನಾಯಿಗಳು ಒಂದು ಕಡವೆ ಮರಿಯನ್ನು ಗುಡ್ಡದಿಂದ ಅಟ್ಟಿಸಿಕೊಂಡು ಬಂದು ಅವಳ ಗದ್ದೆಗೆ ಕೆಡವಿದ್ದವು. ಹಿಂಗಾಲು ಹರಿದಿತ್ತು. ಅತ್ತೆ ಅದನ್ನು ಸೆರಗಿನಲ್ಲಿ ಸುತ್ತಿ ತಂದು ಅರಿಸಿನ ಹಚ್ಚಿ, ಕರುವಿನ ಪಾಲಿನ ಹಾಲು ಕುಡಿಸಿ ಬದುಕಿಸಿದಳು. ಅದಕ್ಕೆ ಹೆಸರು ಇಡಲಿಲ್ಲ, ‘ತಂಗಿ’ ಎಂದು ಕರೆದಳು. ನಮ್ಮ ಕಡೆ ಯಾವ ಹೆಣ್ಣುಮಗುವನ್ನೂ ಹಾಗೆ ಕರೆಯುವುದುಂಟಲ್ಲ, ಹಾಗೆ. ತಂಗಿ ಅವಳ ಹಿಂದೆ ಬಾವಿಕಟ್ಟೆಗೆ, ಗದ್ದೆಗೆ ಹೋಗುವಷ್ಟು ದೊಡ್ಡದಾಯಿತು. ಮೊಗೆಕಾಯಿ ಸಿಪ್ಪೆ ಎಂದರೆ ಅದಕ್ಕೆ ಪ್ರಾಣ. ಊರವರು, ಕಾಡುಪ್ರಾಣಿ ಸಾಕಿದರೆ ಕೇಸಾಗುತ್ತದೆ ಎಂದು ಹೆದರಿಸತೊಡಗಿದರು. ಕೊನೆಗೆ ಫಾರೆಸ್ಟಿನವರೇ ಜೀಪು ತಂದರು.

ಬಂದವರಲ್ಲೊಬ್ಬ ಗಾರ್ಡು, ಪಾಪ, ಒಳ್ಳೆಯವನು. ಅತ್ತೆಯ ಮುಖ ನೋಡಿ ಸಮಾಧಾನಕ್ಕೆ ಎಂದ: “ಹೆದರಬೇಡಿ ಅಮ್ಮ, ಇನ್ನು ನಾವು ಸಾಕ್ತೇವೆ. ನಿಮಗೆ ಬೇಕಾದಾಗ ಬಂದು ನೋಡಿ.”

ಎಲ್ಲ ಶುರುವಾದದ್ದು ಆ ‘ಸಾಕ್ತೇವೆ’ಯಿಂದ. ನಮ್ಮಲ್ಲಿ ಹುಲ್ಲು ಸಾಲದವರು ತಮ್ಮ ಹೆಣ್ಣುಕರುವನ್ನು ಇನ್ನೊಬ್ಬರ ಕೊಟ್ಟಿಗೆಗೆ ಸಾಕಲು ಬಿಡುವ ಪದ್ಧತಿ ಉಂಟು. ಅದು ದೊಡ್ಡದಾಗಿ ಈದರೆ ಮೊದಲ ಕರು ಸಾಕಿದವರಿಗೆ, ಎರಡನೆಯದು ಒಡೆಯರಿಗೆ. ದನ ಮಾತ್ರ ಯಾವತ್ತಿಗೂ ಒಡೆಯರದ್ದೇ, ಅವರಿಗೆ ಹೇಳದೆ ಅದನ್ನು ಬೇರೆ ಕೊಟ್ಟಿಗೆಗೆ ದಾಟಿಸುವ ಹಾಗಿಲ್ಲ. ಎಲ್ಲ ಬಾಯಿಮಾತಿನ ಮೇಲೆ ನಡೆಯುವ ವ್ಯವಹಾರ. ಅತ್ತೆ ತನ್ನ ಕಡವೆಯನ್ನು ಸರಕಾರದ ಕೊಟ್ಟಿಗೆಗೆ ಸಾಕಲು ಬಿಟ್ಟಳು. ಸರಕಾರಕ್ಕೆ ಅದು ಗೊತ್ತಿರಲಿಲ್ಲ ಅಷ್ಟೆ.

ಹೊನ್ನಾವರ ದಾಟಿ ಕುಮಟೆಯ ಕಡೆ ಹೋಗುವಾಗ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಗೇರುಗುಡ್ಡದ ಬುಡದಲ್ಲಿ ಆಗ ಒಂದು ಪುಟ್ಟ ಝೂ ಇತ್ತು. ಒಂದಿಷ್ಟು ಜಿಂಕೆ, ಕಡವೆ, ನವಿಲು, ಮುಳ್ಳುಹಂದಿ, ಯಾವಾಗ ನೋಡಿದರೂ ಮಲಗಿಯೇ ಇರುವ ಒಂದು ಹೆಬ್ಬಾವು. ಜೀಪು ಹತ್ತಿದ ನಮ್ಮ ತಂಗಿ ಹೋದದ್ದು ಅಲ್ಲಿಗೆ. ಭಟ್ಕಳದ ಪೇಟೆಗೆ ಶುಕ್ರವಾರ ರಜೆ, ಹಾಗಾಗಿ ನನ್ನ ಹೊಲಿಗೆ ಅಂಗಡಿಗೂ ರಜೆ. ರಂಜಾನಿನ ಹೊಲಿಗೆಯ ಗಡಿಬಿಡಿ ಇರುವ ದಿನಗಳನ್ನು ಬಿಟ್ಟರೆ ತಿಂಗಳಿಗೊಂದು ಶುಕ್ರವಾರ ಅತ್ತೆ ನನ್ನನ್ನು ಎಳೆದುಕೊಂಡು ಹೊರಡುತ್ತಿದ್ದಳು. ಬಸ್ಸಿನ ಬೋರ್ಡು ಓದಲಿಕ್ಕೆ ಜನ ಬೇಕು ಎಂಬುದು ನೆಪ. ದಾರಿಯುದ್ದಕ್ಕೂ ಮಾತಾಡಲಿಕ್ಕೆ ಜನ ಬೇಕಿತ್ತು.

ಆಗೆಲ್ಲ ಅಲ್ಲಿ ಬರೀ ತಂತಿಬೇಲಿ. ಬೆರಳು ತೂರಿಸಿದರೆ ತಂಗಿಯ ಒದ್ದೆ ಮೂಗು ತಾಗುತ್ತಿತ್ತು. ಅಲ್ಲಿ ಮೇವು ಹಾಕುವ ಕೆಲಸದವನು ಬಹಳ ತಮಾಷೆಯ ಮನುಷ್ಯ. ಅತ್ತೆಯನ್ನು ಕಂಡರೆ ದೂರದಿಂದಲೇ, “ಓ, ಒಡತಿ ಬಂದ್ರು. ನಿಮ್ಮ ತಂಗಿ ಚೊಲೋ ಅದೆ ನೋಡಿ,” ಎನ್ನುತ್ತಿದ್ದ. ಅವನಿಗದು ತಮಾಷೆ, ಇವಳಿಗೆ ವ್ಯವಹಾರದ ಮಾತು. ಸಿಪ್ಪೆಯ ಗಂಟನ್ನು ಅವನ ಕೈಗೆ ಕೊಟ್ಟು, ಹುಲ್ಲು ಒದ್ದೆ ಇದೆ, ನೆಲ ಗುಡಿಸಿಲ್ಲ ಎಂದು ತಕರಾರು ತೆಗೆಯುತ್ತಿದ್ದಳು. ನಾನು ಬಸ್ಸಿನಲ್ಲಿ ಎಷ್ಟೋ ಸಲ ಬಿಡಿಸಿ ಹೇಳಿದ್ದೇನೆ: “ಅತ್ತೆ, ಅದು ಈಗ ಸರಕಾರದ್ದು. ನಿನ್ನದಲ್ಲ.”

“ಅಂಗಿ ಹೊಲಿಯೂದು ಬಿಟ್ರೆ ನಿಂಗೆ ಎಂತ ಗೊತ್ತು? ನಾ ಕೊಟ್ಟದ್ದಲ್ಲ, ಸಾಕೂಕೆ ಬಿಟ್ಟದ್ದು.”

ತಂಗಿ ಮೊದಲ ಮರಿ ಹಾಕಿದಾಗ ಅತ್ತೆ ದೊಡ್ಡ ಮನಸ್ಸಿನಿಂದ, ಅದು ನಿಮ್ಮದು, ಸಾಕಿದವರದ್ದು ಎಂದು ಆ ಕೆಲಸದವನಿಗೆ ಹೇಳಿ ಬಂದಳು. ಅವನು ನಕ್ಕ. ಎರಡನೆಯದು ಹುಟ್ಟಿದ ಸುದ್ದಿ ಕೇಳಿ ಕರು ಕಟ್ಟುವ ಹೊಸ ಕಣ್ಣಿ ಹೊಸೆದು ಚೀಲದಲ್ಲಿ ಇಟ್ಟುಕೊಂಡು ಹೊರಟಳು. ಮರಿಯನ್ನು ಬಸ್ಸಿಗೆ ಹತ್ತಿಸುತ್ತಾರಾ ಎಂದು ನಾನು ಕೇಳಿದೆ. ಟೆಂಪೊ ಮಾಡುವಾ ಎಂದಳು. ಬೇಲಿಯ ಹತ್ತಿರ ಕಣ್ಣಿ ಹೊರಗೆ ಬಂದಾಗ ಆ ಮನುಷ್ಯನ ನಗು ಅರ್ಧಕ್ಕೇ ನಿಂತಿತು. ಅವನಿಗೆ ಅಲ್ಲಿಯವರೆಗೆ ಅವಳ ಲೆಕ್ಕ ತಿಳಿದೇ ಇರಲಿಲ್ಲ. ತಿಳಿದ ಮೇಲೆ ಅವನೂ ನಮ್ಮ ಕಡೆಯವನೇ ಆದ್ದರಿಂದ ತಪ್ಪು ಎನ್ನಲಿಕ್ಕೂ ನಾಲಿಗೆ ಬರಲಿಲ್ಲ. ಮರಿ ಇನ್ನೂ ಹಾಲು ಕುಡಿಯುತ್ತದೆ, ತಾಯಿಯಿಂದ ಬಿಡಿಸಬಾರದು ಎಂದ. ಅದು ನ್ಯಾಯದ ಮಾತು ಎಂದು ಅತ್ತೆ ಒಪ್ಪಿದಳು. ಆಮೇಲೆ ಆ ಮಾತನ್ನು ಅವಳೇ ಎತ್ತಲಿಲ್ಲ. ಒಳಗೊಳಗೇ ಗೊತ್ತಿತ್ತೋ ಏನೋ... ಈಗ ಕೇಳುವುದು ಯಾರನ್ನು.

ಝೂ ಬದಲಾಗುತ್ತಾ ಹೋಯಿತು. ಮೊದಲು ರಸ್ತೆ ಅಗಲ ಮಾಡುವಾಗ ಮುಂದಿನ ಹುಣಸೆಮರಗಳು ಹೋದವು, ನಾವು ಬುತ್ತಿ ಬಿಚ್ಚುತ್ತಿದ್ದ ಕಟ್ಟೆಯೂ ಹೋಯಿತು. ಆಮೇಲೆ ಆಹಾರ ಕೊಡಬಾರದು ಎಂಬ ಬೋರ್ಡು. ಆಮೇಲೆ ಬೇಲಿಯ ಮುಂದೆ ಕಂದಕ, ಕಂದಕದ ಮುಂದೆ ಇನ್ನೊಂದು ಬೇಲಿ. ತಮಾಷೆಯ ಮನುಷ್ಯ ರಿಟೈರಾಗಿ ಊರಿಗೆ ಹೋದ. ಹೊಸ ಹುಡುಗರಿಗೆ ಸಮವಸ್ತ್ರ ಇತ್ತು, ಶಿಸ್ತು ಇತ್ತು, ಯಾರು ಒಡತಿ ಎಂಬುದು ಗೊತ್ತಿರಲಿಲ್ಲ. ಬಾಗಿಲಲ್ಲಿ ಸೆಲ್ಫಿ ತೆಗೆಯಲು ಸಿಮೆಂಟಿನ ಜಿರಾಫೆ ನಿಂತಿತು. ಜಿರಾಫೆ ಇಲ್ಲಿ ಎಲ್ಲಿಂದ ಬಂತು ಮಾರಾಯ್ರೇ ಎಂದು ನಾನು ಕೌಂಟರಿನಲ್ಲಿ ಕೇಳಿದ್ದಕ್ಕೆ ಎರಡು ಟಿಕೀಟು ಹರಿದು ಕೊಟ್ಟರು.

ನ್ಯಾಯವಾಗಿ ಹೇಳಬೇಕೆಂದರೆ ನೆಲ ಚೊಕ್ಕಟವಾಗಿತ್ತು, ಪ್ರಾಣಿಗಳಿಗೆ ಡಾಕ್ಟರು ಬರುತ್ತಿದ್ದರು. ಜನ ಪ್ಲಾಸ್ಟಿಕ್ಕು ತಿನ್ನಿಸಿ ಒಂದು ಜಿಂಕೆ ಸತ್ತಿತ್ತಂತೆ, ಆ ಬೋರ್ಡು ಬಂದದ್ದು ಅದಕ್ಕೇ. ಹಾಗಾಗಿ ಸಿಪ್ಪೆಯ ಗಂಟು ಬಾಗಿಲಲ್ಲೇ ಉಳಿಯತೊಡಗಿತು. ಅತ್ತೆ ಕಂದಕದ ಈಚೆ ನಿಂತು “ತಂಗೀ” ಎಂದು ಕೂಗುತ್ತಿದ್ದಳು. ಧ್ವನಿವರ್ಧಕದಲ್ಲಿ ಎರಡು ಭಾಷೆಯಲ್ಲಿ ಸೂಚನೆ ಬರುತ್ತಲೇ ಇರುತ್ತಿತ್ತು, ಅದರ ನಡುವೆ ಸಂದು ಹುಡುಕಿ ಕೂಗಬೇಕು. ಕೆಲವು ಸಲ ಆಚೆ ನೆರಳಿನಲ್ಲಿ ಒಂದು ತಲೆ ಮೇಲೇಳುತ್ತಿತ್ತು, ಕಿವಿ ಈ ಕಡೆ ತಿರುಗುತ್ತಿತ್ತು. ಅಷ್ಟು ಸಿಕ್ಕಿದರೆ ಅತ್ತೆಗೆ ಆ ತಿಂಗಳು ಸಾಕಾಗುತ್ತಿತ್ತು.

ಒಂದು ಶುಕ್ರವಾರ ಹೋದರೆ ಗೇಟು ಮುಚ್ಚಿತ್ತು. ನವೀಕರಣಕ್ಕಾಗಿ ಬಂದ್ ಎಂದು ಬರೆದಿತ್ತು. ಒಳಗೆ ಎರಡು ಲಾರಿ, ಅವುಗಳ ಮೇಲೆ ಸಂದು ಬಿಟ್ಟು ಬಡಿದ ಹಲಗೆಯ ಎತ್ತರದ ಪೆಟ್ಟಿಗೆಗಳು. ವಾಚ್‌ಮನ್ನಿಗೆ ನಮ್ಮ ಮುಖ ಪರಿಚಯ. ಪ್ರಾಣಿಗಳನ್ನೆಲ್ಲ ಘಟ್ಟದ ಮೇಲಿನ ದೊಡ್ಡ ಝೂಗೆ ಸಾಗಿಸುತ್ತಿದ್ದಾರೆ, ಇಲ್ಲಿ ಇನ್ನು ಪಾರ್ಕು ಮಾತ್ರ ಎಂದ. ಅತ್ತೆ ಹೆಬಳೆಯಿಂದ ಬಂದ ಸುಸ್ತಿಗೆ ನೆಲದ ಮೇಲೆ ಕೂತವಳು ಎದ್ದು ನಿಂತಳು.

“ಕೊಟ್ಟಿಗೆ ಬದ್ಲಿ ಮಾಡೂಕೆ ನಂಗೆ ಒಂದ್ ಮಾತ್ ಹೇಳೂದ್ ಬೇಡ್ವ?”

ನನಗೆ ನಗು ಬರಲಿಲ್ಲ. ಅವಳ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ವಾಚ್‌ಮನ್ ಒಳಗೆ ಬಿಟ್ಟ. ಚಿಕ್ಕ ವಯಸ್ಸಿನ ಸಾಹೇಬರು, ಬಯಲುಸೀಮೆಯವರು, ನೆರಳಿಗೆ ಕುರ್ಚಿ ಹಾಕಿಸಿದರು, ನೀರು ತರಿಸಿದರು. ಅಲ್ಲಿ ಕಾಡಿನಂಥ ಜಾಗ ಇದೆಯಂತೆ, ಓಡಾಡಲಿಕ್ಕೆ ಬಯಲು, ಮುಳುಗಲಿಕ್ಕೆ ಕೆರೆ. ಕಡವೆಗಳು ಇಲ್ಲಿಗಿಂತ ಸುಖವಾಗಿರುತ್ತವೆ ಎಂದರು. ಸುಳ್ಳು ಹೇಳುವ ಮುಖವಲ್ಲ. ಅತ್ತೆ ಸಾಕಲು ಬಿಟ್ಟ ಕಥೆಯನ್ನೆಲ್ಲ ನಾನು ಪೂರ್ತಿ ಹೇಳಿದೆ. ಅವರು ಮರ್ಯಾದೆಯಿಂದ ಕೇಳಿ, “ಪಾಪ, ಅಮ್ಮನಿಗೆ ತುಂಬ ಪ್ರೀತಿ,” ಎಂದರು. ಪ್ರೀತಿಯ ಮಾತನ್ನು ನಾವು ಆಡಿಯೇ ಇರಲಿಲ್ಲ. ಆದರೆ ಅದನ್ನು ಅವರಿಗೆ ತಿಳಿಸುವ ಭಾಷೆ ನನ್ನ ಹತ್ತಿರ ಇರಲಿಲ್ಲ... ಅವರ ಕಣ್ಣಿಗೆ ನಾವು ಕಾಯಂ ಬರುವ ಪ್ರವಾಸಿಗರು ಅಷ್ಟೆ. ಜಗಳ ಕಾಯಲು ಬಂದವಳಿಗೆ ಕುರ್ಚಿ ಕೊಟ್ಟರೆ ಏನು ಮಾಡುವುದು.

ಅತ್ತೆ ಎದ್ದು ಲಾರಿಯ ಹತ್ತಿರ ಹೋದಳು. ಯಾವ ಪೆಟ್ಟಿಗೆಯಲ್ಲಿ ತಂಗಿ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕೂಗಿದಳು. ಎಲ್ಲ ಪೆಟ್ಟಿಗೆಗಳಲ್ಲೂ ಗೊರಸಿನ ಸದ್ದಾಗುತ್ತಿತ್ತು, ಹೆದರಿದ ಪ್ರಾಣಿಗಳ ಸದ್ದು, ಅದರಲ್ಲಿ ಅವಳಿಗೆ ಉತ್ತರ ಯಾವುದು ಎಂದು ತಿಳಿಯುವ ಹಾಗಿರಲಿಲ್ಲ. ಸಾಕಲು ಬಿಟ್ಟ ದನ ಹಳೆಯ ಮನೆಯ ಆಸೆ ಬಿಡುವುದಿಲ್ಲ, ಹೋದಲ್ಲಿ ಮೇವು ಮುಟ್ಟದೆ ಸೊರಗುತ್ತದೆ ಎನ್ನುತ್ತಾರೆ ನಮ್ಮ ಹೆಂಗಸರು. ಒಡತಿಯೇ ‘ಕೊಟ್ಟೆ’ ಎಂದು ಬಾಯಿಬಿಟ್ಟು ಹೇಳಿ ಬೆನ್ನು ತಟ್ಟಿ ಕಳಿಸಿದರೆ ಮಾತ್ರ ಹೊಸ ಕೊಟ್ಟಿಗೆಗೆ ಹೊಂದುತ್ತದಂತೆ. ತಟ್ಟಲು ಬೆನ್ನು ಎಲ್ಲಿ ಸಿಗಬೇಕು. ಅತ್ತೆ ಕೈಗೆಟುಕಿದ ಒಂದು ಪೆಟ್ಟಿಗೆಯ ಹಲಗೆಯನ್ನು ಅಂಗೈಯಿಂದ ತಟ್ಟಿದಳು. ಸಾಹೇಬರ ಕಡೆ ತಿರುಗಿ, “ಆತು. ಕೊಟ್ಟೆ,” ಎಂದಳು.

“ಥ್ಯಾಂಕ್ಸ್ ಅಮ್ಮ,” ಎಂದರು ಅವರು. ಅವಳೇನು ಕೊಟ್ಟಳು ಎಂದು ಅವರಿಗೆ ಇವತ್ತಿಗೂ ಗೊತ್ತಿರಲಾರದು.

ಆಮೇಲೆ ಅತ್ತೆ ತಂಗಿಯ ಸುದ್ದಿ ಎತ್ತಲಿಲ್ಲ. ಘಟ್ಟ ಹತ್ತಿ ಒಮ್ಮೆ ನೋಡಿ ಬರುವಾ, ಕಾರು ಮಾಡುವಾ ಎಂದು ನಾನೇ ಎಷ್ಟೋ ಸಲ ಕರೆದೆ. “ಕೊಟ್ಟ ಮೇಲೆ ನೋಡೂಕೆ ಎಂತ ಹೋಗೂದು?” ಎಂದು ಒಂದೇ ಉತ್ತರ. ಪಾರ್ಕು ಹೊಸದಾಗಿ ಬಾಗಿಲು ತೆರೆದಾಗ ನಾನೊಬ್ಬಳೇ ಹೋಗಿದ್ದೆ. ಕಡವೆಗಳಿದ್ದ ಜಾಗದಲ್ಲಿ ಮಕ್ಕಳ ರೈಲು ಸುತ್ತುತ್ತಿತ್ತು, ಕಂದಕದಲ್ಲಿ ನೀರು ತುಂಬಿಸಿ ಬಾತುಕೋಳಿ ಆಕಾರದ ದೋಣಿ ಬಿಟ್ಟಿದ್ದರು. ಜನ ಸಂತೋಷವಾಗಿದ್ದರು. ಬೈಯಲಿಕ್ಕೆ ಒಬ್ಬ ಕೆಟ್ಟವನಾದರೂ ಸಿಕ್ಕಿದ್ದರೆ ಮನಸ್ಸಿಗೆ ಆರಾಮಾಗುತ್ತಿತ್ತು. ಅರ್ಧ ಗಂಟೆ ಕೂತು ಎದ್ದು ಬಂದೆ, ಮತ್ತೆ ಆ ಕಡೆ ಹೋಗಲಿಲ್ಲ.

ಕಳೆದ ಮಳೆಗಾಲದಲ್ಲಿ ಅತ್ತೆ ಹಾಸಿಗೆ ಹಿಡಿದಳು. ಕೊನೆಕೊನೆಗೆ ಮಾತೆಲ್ಲ ಹೋಗಿ ಒಂದೇ ಒಂದು ಶಬ್ದ ಉಳಿದಿತ್ತು. “ತಂಗಿ... ತಂಗಿ...” ಅವಳಿಗೆ ಬೆಳಕೆ ಎಂಬ ಊರಿನಲ್ಲಿ ಒಡಹುಟ್ಟಿದ ತಂಗಿಯೊಬ್ಬಳಿದ್ದಾಳೆ. ಗದ್ದೆಯ ಪಾಲಿನ ಜಗಳದಲ್ಲಿ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅತ್ತೆಯ ಸೊಸೆ ಗಾಬರಿಯಾಗಿ ಆ ತಂಗಿಗೆ ಹೇಳಿ ಕಳಿಸಿದಳು. ಮುದುಕಿ ಜಡಿಮಳೆಯಲ್ಲಿ ರಿಕ್ಷಾ ಮಾಡಿಸಿಕೊಂಡು ಬಂದು, “ಬಂದ್ಯೆ ಅಕ್ಕ, ನಾ ಬಂದ್ಯೆ,” ಎಂದು ಕಾಲ ಮೇಲೆ ಬಿದ್ದು ಅತ್ತಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅತ್ತೆ ಆ ಮುಖವನ್ನು ಸುಮಾರು ಹೊತ್ತು ನೋಡಿದಳು. ಆಮೇಲೆ ಕಣ್ಣು ಅವಳನ್ನು ದಾಟಿ ಅಂಗಳದ ಕಡೆ ಹೋಯಿತು, ಅಲ್ಲೇ ನಿಂತಿತು. ಮತ್ತೆ ಕರೆಯಲಿಲ್ಲ.

ಬೆಳಕೆಯ ಆ ತಂಗಿ ಈಗಲೂ ಒಮ್ಮೊಮ್ಮೆ ಸಂತೆಯಲ್ಲಿ ಸಿಗುತ್ತಾಳೆ. ಸಿಕ್ಕಾಗಲೆಲ್ಲ ನನ್ನ ಕೈ ಹಿಡಿದುಕೊಂಡು, “ಎಷ್ಟ್ ಜಗ್ಳ ಆದ್ರೂ ಸಾಯೂ ಹೊತ್ತಿಗೆ ಅಕ್ಕ ಕರೆದದ್ದು ನನ್ನೇ ಅಲ್ದ?” ಎಂದು ಕೇಳುತ್ತಾಳೆ. ಹೌದು ಎನ್ನುತ್ತೇನೆ. ಮತ್ತೆ ಎಂತ ಹೇಳಲಿ.