ಟಗರಿನ ಕತೆಗೊಂದು ತಿದ್ದುಪಡಿ

ಕೊರಟಗೆರೆ ಕಡೆಯ ಹಳ್ಳಿಗಳಲ್ಲಿ ಕುರಿಗಳಿಗೆ ಲಸಿಕೆ ಹಾಕುವ ಪಶುವೈದ್ಯ ನಾನು. ಹೆಸರು ಮುಚ್ಚಿಟ್ಟು ಬ್ಲಾಗ್ ಬರೆಯುವುದು ನನ್ನ ಚಟ. ನಮ್ಮ ಸಾಹೇಬರನ್ನೂ ಅದರಲ್ಲಿ ಆಡಿಕೊಂಡಿರುವುದರಿಂದ, ಬರೆಯುವವನು ನಾನೆಂದು ತಿಳಿದರೆ ವರ್ಗಾವಣೆ ಖಂಡಿತ.

ಒಮ್ಮೆ ಕೊಳಾಲದ ಹತ್ತಿರ ಒಂದು ಟಗರು ನನ್ನನ್ನು ಗುದ್ದಲು ನುಗ್ಗಿ ಬಂತು. 'ಒಬ್ಬ ಡಾಕ್ಟರು ಅದರ ಕೊಂಬು ಹಿಡಿದು ನಿಲ್ಲಿಸಿದ್ದನ್ನು ಕಣ್ಣಾರೆ ಕಂಡೆ' ಎಂದು ಬ್ಲಾಗಿನಲ್ಲಿ ಬರೆದೆ. ಓದುಗರು ಡಾಕ್ಟರನ್ನು ಹೊಗಳಿದ್ದೇ ಹೊಗಳಿದ್ದು.

ಮುಂದಿನ ಸಲ ಹೋದಾಗ ಟಗರಿನ ಒಡತಿ ಈರಮ್ಮ ನನ್ನನ್ನು ತಡೆದು ನಿಲ್ಲಿಸಿದಳು. "ಡಾಕ್ಟ್ರೇ, ನಮ್ ಟಗರಿನ ವಿಷ್ಯ ಯಾರೋ ಬರ್ದವ್ರೆ. ಮಗಳು ಫೋನಲ್ಲಿ ಓದಿ ಹೇಳಿದ್ಲು."

"ಯಾರಮ್ಮ ಬರೆದೋರು?" ಎಂದೆ, ಸಿರಿಂಜನ್ನೇ ನೋಡುತ್ತ.

"ಅವತ್ತು ಅಲ್ಲಿದ್ದಿದ್ದು ನೀವು, ನಾನು, ಟಗರು. ನಂಗೆ ಬರೆಯಾಕ್ ಬರಲ್ಲ. ಟಗರಿಗೂ ಬರಲ್ಲ."

ಯಾರಿಗೂ ಹೇಳಬೇಡ ತಾಯಿ ಎಂದು ಬೇಡಿಕೊಂಡೆ.

"ನಾನ್ಯಾಕ್ ಹೇಳ್ಲಿ ಬುಡಿ. ಆದ್ರೆ ಸುಳ್ ಬರ್ದಿದ್ದೀರಲ್ಲ, ಅದನ್ನ ತಿದ್ದಿ. ನೀವೆಲ್ಲಿ ಕೊಂಬು ಹಿಡಿದ್ರಿ? ಓಡೋಗಿ ಹುಲ್ಲಿನ ಬಣವೆ ಹತ್ತಿಬುಟ್ರಿ. ಏಣಿ ತಂದು ಇಳಿಸಿದೋಳು ನಾನು."

ಅಂದೇ ಸಂಜೆ ನಡೆದದ್ದನ್ನು ನಡೆದ ಹಾಗೆ ಬರೆದು ಹಾಕಿದೆ. ಅರ್ಧ ಗಂಟೆಯೊಳಗೆ ಓದುಗರು ನನ್ನ ಮೇಲೆ ಮುಗಿಬಿದ್ದರು. ಒಬ್ಬರಂತೂ, 'ಅಂಥ ಧೀರ ಡಾಕ್ಟರ ಮೇಲೆ ಕಟ್ಟುಕತೆ ಬರೆಯಲು ನಾಚಿಕೆಯಾಗುವುದಿಲ್ಲವೇ? ತಾಕತ್ತಿದ್ದರೆ ನೀನು ಯಾರೆಂದು ಹೇಳು' ಎಂದು ಸವಾಲು ಹಾಕಿದ್ದರು.

ಹೇಳಿಯೇಬಿಡೋಣ ಎನ್ನಿಸಿದ್ದು ಅದೊಂದೇ ಸಲ.