ನೆಲ್ಲಿಕಾಯಿ ಗಾತ್ರದ ಮುದ್ದೆ

ಹೋಟೆಲಿನಲ್ಲಿ ಬಿಸಿ ಮುದ್ದೆಯ ಆವಿ ಮುಖಕ್ಕೆ ತಾಗಿದ್ದೇ ಅಪ್ಪ ನೆನಪಾದ.

ಕಿರಂಗೂರಿನಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕಿ ಅಪ್ಪನ ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಮಾತ್ರ ಉಳಿದಿದ್ದವು. ಕುಡುಗೋಲನ್ನು ಸೈಕಲ್ ಟ್ಯೂಬಿನಿಂದ ಮುಂಗೈಗೆ ಬಿಗಿದುಕೊಂಡು ಹುಲ್ಲು ಕೊಯ್ಯುತ್ತಿದ್ದ. ಮುದ್ದೆ ಮಾತ್ರ ಮುರಿಯಲಾಗುತ್ತಿರಲಿಲ್ಲ. ಎಡಗೈಯಲ್ಲಿ ಉಣ್ಣಲು ಒಪ್ಪುತ್ತಿರಲಿಲ್ಲ. ಅವ್ವ ಎರಡು ಬೆರಳಿಗೆ ಸಿಗುವಂತೆ ನೆಲ್ಲಿಕಾಯಿಯಷ್ಟು ಮುದ್ದೆ ಕಟ್ಟತೊಡಗಿದಳು, ನಮ್ಮೆಲ್ಲರ ತಟ್ಟೆಗೂ.

"ನಮಗ್ಯಾಕವ್ವಾ ಇಂಗೆ?"

"ನಿಮ್ಮಪ್ಪ ನೊಂದ್ಕತಾರೆ, ಸುಮ್ನೆ ಉಣ್ಣು."

ಅಕ್ಕನ ಮದುವೆಯ ಬೀಗರೂಟದಲ್ಲಿ ಅಪ್ಪನ ಎಲೆಗೆ ದೊಡ್ಡ ಮುದ್ದೆ ಬಿತ್ತು. ಸ್ವಲ್ಪ ಹೊತ್ತು ನೋಡಿದ. "ಹೊಟ್ಟೆ ಸರಿ ಇಲ್ಲ ಕಣ್ರಪ್ಪಾ" ಎಂದು ಎದ್ದ. ಪಕ್ಕದಲ್ಲೇ ಕೂತಿದ್ದ ನಾನು ಮುರಿದು ಕೊಡಬಹುದಿತ್ತು. ಬೀಗರು ನೋಡುತ್ತಾರೆಂದು ನಾಚಿ, ತಲೆ ತಗ್ಗಿಸಿ ನನ್ನದನ್ನು ನುಂಗಿದೆ.

ಇವತ್ತು ತಟ್ಟೆಯ ಮುದ್ದೆಯನ್ನೆಲ್ಲ ನೆಲ್ಲಿಕಾಯಿಯಷ್ಟಷ್ಟೇ ಮುರಿದಿಟ್ಟು, ಉಣ್ಣದೆ ಎದ್ದೆ.